ಸಮುದ್ರಕ್ಕೆ ಹೋದ ಮನೆ ನಂಬರು

ತಂಗಿಯ ಫೋನು ಗ್ರೈಂಡರಿನ ಕಲ್ಲಿಗೆ ಸಿಕ್ಕಿದ ಹೊತ್ತಿನಲ್ಲಿ ಕೋಣೆಯಲ್ಲಿದ್ದವರು ನಾವು ನಾಲ್ಕು ಮಂದಿ. ನಾನು ಒಲೆಯ ಬುಡದಲ್ಲಿ ಕೂತು ಬೆಂದ ಹಲಸಿನ ತೊಳೆಯನ್ನು ಹಬೆಪಾತ್ರೆಯಿಂದ ಮೊರಕ್ಕೆ ಸುರಿಯುತ್ತಿದ್ದೆ. ತಂಗಿ ಗ್ರೈಂಡರಿನ ಮೇಲೆ ಬಗ್ಗಿ, ಕಲ್ಲಿಗೆ ಅಂಟಿದ ಹಿಟ್ಟನ್ನು ಸಟ್ಟುಗದಿಂದ ಎಬ್ಬಿಸುತ್ತಿದ್ದಳು. ಅವಳ ಅತ್ತೆ ಗೋಡೆಗೆ ಒರಗಿ, ಕಾಲು ಚಾಚಿಕೊಂಡು, ರುಬ್ಬಿದ ಹಿಟ್ಟನ್ನು ಹಪ್ಪಳದ ಉಂಡೆ ಮಾಡುತ್ತಿದ್ದರು. ನಾಲ್ಕನೆಯವನು ತಂಗಿಯ ಬಾವ, ಅಂದರೆ ಅವಳ ಗಂಡನ ಅಣ್ಣ. ಅವನಿಗೆ ಅಲ್ಲಿ ಕೆಲಸವೇನೂ ಇರಲಿಲ್ಲ. ಹೊಸ್ತಿಲ ಮೇಲೆ ಒಂದು ಕಾಲು ಇಟ್ಟು, ಹೆದ್ದಾರಿಯ ಕಡೆಗೊಮ್ಮೆ ಕೋಣೆಯ ಕಡೆಗೊಮ್ಮೆ ನೋಡುತ್ತ, ಇಲ್ಲಿ ಟೈಲ್ಸ್ ಅಂಗಡಿ ಹಾಕಿದರೆ ಹೇಗೆ ನಡೆದೀತು ಎಂದು ಗೋಡೆಗಳನ್ನು ಕಣ್ಣಲ್ಲೇ ಅಳೆಯುತ್ತಿದ್ದ.

ಫೋನು ತಂಗಿಯ ಸೊಂಟದಲ್ಲಿ ಸೀರೆಗೆ ಸಿಕ್ಕಿಸಿತ್ತು. ಅವಳು ಇನ್ನಷ್ಟು ಬಗ್ಗಿದಳು, ಅದು ಜಾರಿತು. ಕರಕ್ ಎಂದು ಒಂದು ಸದ್ದು. ಅತ್ತೆ ಕೂತಲ್ಲಿಂದಲೇ ಕೂಗಿದರು, "ಎಂತದೇ ಅದು, ಹಲಸಿನ ಬೇಳೆ ಸಿಕ್ತಾ?"

"ಬೇಳೆ ಅಲ್ಲ ಅತ್ತೆ, ಆಫೀಸು," ಎಂದಳು ತಂಗಿ. ಮೋಟರು ನಿಲ್ಲಿಸಿ, ಹಿಟ್ಟಿನೊಳಗೆ ಮೊಣಕೈವರೆಗೆ ಕೈ ಹಾಕಿ, ಗಾಜಿನ ಚೂರುಗಳ ನಡುವಿನಿಂದ ಸಿಮ್ ಒಂದನ್ನು ಹೆಕ್ಕಿ ತೆಗೆದಳು. ನಾನು ನಗತೊಡಗಿದೆ, ಅವಳೂ ನಕ್ಕಳು. ಅಷ್ಟೂ ಹಿಟ್ಟನ್ನು ತೆಂಗಿನ ಬುಡಕ್ಕೆ ಸುರಿದು ಗ್ರೈಂಡರು ತೊಳೆದೆವು. ಆ ನಗು ಆ ಬೇಸಿಗೆಯ ಕೊನೆಯ ನಗು ಎಂದು ಗೊತ್ತಿರಲಿಲ್ಲ.

ಅವಳು ಆಫೀಸು ಅಂದದ್ದು ತಮಾಷೆಗಲ್ಲ. ನಮ್ಮ ಹಪ್ಪಳದ ವ್ಯಾಪಾರಕ್ಕೆ ಮೇಜು ಇಲ್ಲ, ಕುರ್ಚಿ ಇಲ್ಲ, ಬೋರ್ಡೂ ಇಲ್ಲ. ಹೊನ್ನಾವರದಲ್ಲಿ ತಂಗಿಯ ಗಂಡನ ಮನೆಯ ಮುಂದೆ, ಹೆದ್ದಾರಿಗೆ ಮುಖ ಮಾಡಿದ ಒಂದು ಕೋಣೆ. ಶಿರಾಲಿಯಲ್ಲಿ ನನ್ನ ಮನೆಯ ಅಂಗಳ, ಒಣಗಿಸುವುದಕ್ಕೆ. ಮುಟ್ಟಳ್ಳಿಯಿಂದ ಬರುವ ಹಲಸಿನಕಾಯಿ. ಉಳಿದದ್ದೆಲ್ಲ ಆ ಫೋನಿನೊಳಗಿನ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಇತ್ತು. ಬೇಕಾದವರು ತಮ್ಮ ಮನೆಯಲ್ಲೇ ಕೂತು ಒಂದು ಲಿಂಕ್ ಒತ್ತಿ, ಯಾವ ಹಪ್ಪಳ, ಎಷ್ಟು, ಯಾವ ದಿನಕ್ಕೆ, ಯಾವ ಊರಿಗೆ ಎಂದು ತುಂಬಿಸಬೇಕು. ತುಂಬಿಸಿದ್ದು ಸೀದಾ ಒಂದು ಹಾಳೆಯ ಮೇಲೆ ಬಂದು ಕೂರುತ್ತದೆ. ಹೊನ್ನಾವರದಲ್ಲಿ ತಂಗಿ ನೋಡಿದ್ದನ್ನೇ ಶಿರಾಲಿಯಲ್ಲಿ ನಾನೂ ನೋಡುತ್ತೇನೆ. "ಅಕ್ಕಾ, ನಾಡಿದ್ದು ಕುಮಟೆಗೆ ಕಳಿಸೂದು ಕಂಡ್ಯಾ?" ಎಂದು ಅವಳು ಕೇಳುವ ಮೊದಲೇ ನಾನು ಡಬ್ಬಿಗೆ ತುಂಬಿ ಇಟ್ಟಿರುತ್ತಿದ್ದೆ.

ಒಳ್ಳೆಯದನ್ನು ಒಳ್ಳೆಯದು ಎನ್ನಬೇಕು. ಎರಡು ವರ್ಷ ಅದು ನಮಗೆ ಮನೆಮಗಳ ಹಾಗೆ ದುಡಿದು ಕೊಟ್ಟಿತು. ಅದಕ್ಕೇ ನನಗೆ ಸಿಟ್ಟು ಜಾಸ್ತಿ. ಕೆಲಸಕ್ಕೆ ಬಾರದ್ದು ಕೈಕೊಟ್ಟರೆ ಯಾರೂ ಬೇಜಾರು ಮಾಡುವುದಿಲ್ಲ.

ಇದನ್ನು ನಮಗೆ ಕಲಿಸಿದವನು ಕುಮಟೆಯಲ್ಲಿ ಸಣ್ಣ ಉದ್ದಿಮೆಯವರಿಗೆಂದು ತರಬೇತಿ ನಡೆಸಿದ ಒಬ್ಬ ಮಹಾನುಭಾವ. ಇಸ್ತ್ರಿ ಹಾಕಿದ ಅಂಗಿ, ಕೊರಳಲ್ಲಿ ನೇತಾಡುವ ಗುರುತುಪತ್ರ. ಬಂದವರಲ್ಲಿ ಮುಕ್ಕಾಲುಪಾಲು ಹೆಂಗಸರು: ಬಾಡ ಊರಿನಿಂದ ಒಣಮೀನಿನವರು, ಕೋಕಂ ಶರಬತ್ತಿನವರು, ಹೊಲಿಗೆಯವರು, ನಾವು. "ಅಮ್ಮಾ, ಒಂದು ಪೈಸೆ ಬೇಡ. ಜೀವಮಾನವಿಡೀ ಫ್ರೀ," ಎಂದ. ಯಾರ ಜೀವಮಾನ ಎಂದು ನಾವು ಕೇಳಲಿಲ್ಲ. ನಮ್ಮ ಅಜ್ಜಿ ಇದ್ದಿದ್ದರೆ ಕೇಳುತ್ತಿದ್ದಳು. ದಾನ ಕೊಟ್ಟ ದನದ ಹಲ್ಲು ಎಣಿಸಬಾರದು ಎಂದು ಊರೆಲ್ಲ ಹೇಳುವಾಗ ಅವಳು ಮಾತ್ರ, "ಹಲ್ಲು ಎಣಿಸೂದು ಬೇಡ, ಹಗ್ಗದ ಇನ್ನೊಂದು ತುದಿ ಯಾರ ಕೈಲದೆ ಅಂತ ಒಂದ್ಸಲ ಕಾಣಿ" ಎನ್ನುತ್ತಿದ್ದಳು.

ಹಗ್ಗದ ತುದಿ ಸಿಕ್ಕಿಬಿದ್ದದ್ದು ಅಲ್ಲೇ. ಖಾತೆ ತೆರೆಯುವಾಗ ಅವನು ಕೇಳಿದ, "ಮನೆ ನಂಬರ್ ಹೇಳಿ."

ನಮ್ಮ ಕಡೆ ಮನೆ ನಂಬರು ಎಂದರೆ ಬಾಗಿಲ ಮೇಲೆ ಬರೆದದ್ದಲ್ಲ. ಮನೆಯ ಗಂಡಸಿನ ಮೊಬೈಲು ನಂಬರು. ಗ್ಯಾಸಿಗೆ ಅದೇ, ರೇಶನ್ನಿಗೆ ಅದೇ, ಮಕ್ಕಳ ಶಾಲೆಗೆ ಅದೇ, ಕರೆಂಟಿಗೆ ಅದೇ. ಹೆಂಗಸಿನ ಹತ್ತಿರ ಬೇರೆ ಫೋನು ಇದ್ದರೂ ಅದು ಮಾತಾಡುವುದಕ್ಕೆ ಮಾತ್ರ, ಬರೆಸುವುದಕ್ಕಲ್ಲ. ಇದನ್ನು ಯಾರೂ ನಮಗೆ ಹೇಳಿಕೊಟ್ಟದ್ದಿಲ್ಲ. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು ಎನ್ನುವುದನ್ನೂ ಯಾರು ಹೇಳಿಕೊಟ್ಟಿದ್ದರು? ಹಾಗೆ ಅದು. ತಂಗಿ ತನ್ನ ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಗಂಡನ ನಂಬರು ಒಪ್ಪಿಸಿದಳು. ಸಾಲಿನಲ್ಲಿ ಕೂತ ಅಷ್ಟೂ ಹೆಂಗಸರು ಹಾಗೇ ಒಪ್ಪಿಸಿದರು. ಆ ಮಹಾನುಭಾವ ಬರೆದುಕೊಂಡು ಮುಂದೆ ಹೋದ. ಇದು ನಿಮ್ಮದಾ, ನಾಳೆ ಏನಾದರೂ ಆದರೆ ಈ ಫೋನು ನಿಮ್ಮ ಕೈಗೆ ಸಿಗುತ್ತದಾ ಎಂದು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ನಾನು ಇದನ್ನು ಬರೆಯುವ ಪ್ರಸಂಗವೇ ಇರಲಿಲ್ಲ.

ತಂಗಿಯ ಗಂಡ ಬೋಟಿಗೆ ಹೋಗುವವನು. ಹೊನ್ನಾವರದ ಕಾಸರಕೋಡ ಬಂದರಿನಿಂದ ಹೊರಟರೆ ಬಲೆ ತುಂಬುವವರೆಗೆ ವಾಪಸ್ಸಿಲ್ಲ. ದಡ ಬಿಟ್ಟು ಸ್ವಲ್ಪ ಹೊತ್ತಿಗೆ ಟವರು ಹೋಗುತ್ತದೆ. ಆಮೇಲೆ ಮನೆಯ ಗ್ಯಾಸು, ಮನೆಯ ರೇಶನ್ನು, ಮನೆಯ ಶಾಲೆ ಎಲ್ಲಾ ಸಮುದ್ರದ ಮೇಲೆಯೇ.

ಅವನು ಹಾಗೆ ಹೋಗಿ ಎರಡು ದಿನವಾಗಿತ್ತು, ಫೋನು ಗ್ರೈಂಡರಿಗೆ ಬಿದ್ದಾಗ. ನನ್ನ ಮಗಳ ಹಳೆಯ ಫೋನಿಗೆ ಸಿಮ್ ಹಾಕಿ ತಂಗಿ ಖಾತೆಯೊಳಗೆ ಹೋಗಲು ನೋಡಿದಳು. ಪಾಸ್‌ವರ್ಡು ಒಂದೆರಡು ಸಲ ತಪ್ಪಿತು, ಹಿಟ್ಟಿನ ಕೈ ನೋಡಿ. ತಕ್ಷಣ ಅದು ಬಾಗಿಲು ಹಾಕಿಕೊಂಡಿತು. ಪುಕ್ಕಟೆಯಲ್ಲಿ ಒಂದೇ ಖಾತೆ ಎಂದು ನಾವಿಬ್ಬರೂ ಒಂದೇ ಹೆಸರಿನಲ್ಲಿ ಒಳಗೆ ಹೋಗುತ್ತಿದ್ದವರು. ನನ್ನ ಫೋನಿನಲ್ಲಿ ನನ್ನನ್ನೂ ಹೊರಗೆ ದಬ್ಬಿತು. ಪರದೆಯ ಮೇಲೆ ಕನ್ನಡದಲ್ಲೇ ಬರೆದಿತ್ತು: "ನೀವು ನೀವೇ ಎಂಬುದನ್ನು ದೃಢೀಕರಿಸಿ. ನಿಮ್ಮ ನಂಬರಿಗೆ ಕೋಡ್ ಕಳುಹಿಸಲಾಗಿದೆ." ಇದೆಂಥ ಕನ್ನಡ! ಮನೆಗೆ ಬಂದವರನ್ನು 'ಯಾರು?' ಎಂದು ಕೇಳುವುದುಂಟು. ನೀನು ನೀನೇ ಹೌದಾ ಎಂದು ಕೇಳಿದರೆ ನಮ್ಮಲ್ಲಿ ಕಾಲು ತೊಳೆಯದೆ ವಾಪಸ್ಸು ಹೋಗುತ್ತಾರೆ.

"ಕೋಡು ಎಲ್ಲಿಗೆ ಕಳಿಸಿದ್ದಂತೆ?" ಎಂದೆ.

"ಇವ್ರ ನಂಬರಿಗೆ."

"ಅಂವ ಎಲ್ಲಿ?"

ತಂಗಿ ಪಡುವಣ ದಿಕ್ಕಿಗೆ ಗಲ್ಲ ತಿರುಗಿಸಿದಳು.

ಆ ಕುಮಟೆಯ ಮಹಾನುಭಾವನಿಗೆ ಫೋನು ಮಾಡಿದೆವು. ನಾನೇ ಮಾತಾಡಿದೆ. "ಮೇಡಂ, ಫ್ರೀ ಪ್ಲಾನಿಗೆ ಮನುಷ್ಯರ ಸಪೋರ್ಟ್ ಇರುದಿಲ್ಲ," ಎಂದ.

"ಮನುಷ್ಯರದ್ದಿಲ್ಲ ಅಂದ್ರೆ ಯಾರದ್ದು ಇರ್ತದೆ ಮಾರಾಯಾ? ಎಮ್ಮೆದಾ?"

"ಸಹಾಯದ ಪುಟ ಅದೆ, ಓದಿ. ಪ್ರಶ್ನೆ ಒತ್ತಿದ್ರೆ ಉತ್ತರ ಬರ್ತದೆ."

"ಹಂಗಾರೆ ದುಡ್ಡಿನದ್ದೇ ತಕಂತೇವೆ. ತಿಂಗಳಿಗೆ ಇಷ್ಟು ಅಂತ ಕೊಟ್ರೆ ಮನುಷ್ಯರು ಸಿಗ್ತಾರಲ್ಲ?"

"ಸಿಗ್ತಾರೆ ಮೇಡಂ. ಆದ್ರೆ ಅದಕ್ಕೆ ಬದಲಾಯಿಸ್ಬೇಕಾದ್ರೆ ಮೊದ್ಲು ಲಾಗಿನ್ ಆಗ್ಬೇಕು."

ಬಾವಿಗೆ ಬಿದ್ದವನಿಗೆ, ಮೇಲೆ ಹತ್ತಿ ಬಂದು ಹಗ್ಗ ತೆಗೆದುಕೊಂಡು ಹೋಗು ಎಂದ ಹಾಗೆ. ನಾನು ಅವನಿಗೆ ಏನು ಅಂದೆ ಎನ್ನುವುದನ್ನು ಇಲ್ಲಿ ಬರೆಯಲು ಬರುವುದಿಲ್ಲ. ಅತ್ತೆ ಮಾತ್ರ ಉಂಡೆ ಕಟ್ಟುವುದನ್ನು ನಿಲ್ಲಿಸಿ, "ಅಕ್ಕಾ, ಇನ್ನೊಂದ್ಸಲ ಹೇಳೇ" ಎಂದರು.

ಸಹಾಯದ ಪುಟವನ್ನೂ ಓದಿದೆವು. "ನಿಮ್ಮ ನಂಬರು ನಿಮ್ಮ ಬಳಿ ಇಲ್ಲವೇ?" ಎಂದು ಒಂದು ಪ್ರಶ್ನೆ ಇತ್ತು. ಅಬ್ಬಾ, ಕೇಳಿದನಲ್ಲ ಎಂದು ಒತ್ತಿದರೆ, "ನಿಮ್ಮ ನಂಬರನ್ನು ಯಾವಾಗಲೂ ನಿಮ್ಮ ಬಳಿ ಇಟ್ಟುಕೊಳ್ಳಿ" ಎಂದು ಉತ್ತರ. ಕೆಳಗೆ, ಈ ಉತ್ತರದಿಂದ ಸಹಾಯವಾಯಿತೇ, ಹೌದು, ಇಲ್ಲ. ತಂಗಿ 'ಇಲ್ಲ' ಒತ್ತಿದಳು. ಧನ್ಯವಾದ ಬಂತು.

ಇಷ್ಟೇ ಆಗಿದ್ದರೆ, ಕೆಲವು ದಿನ ಹಳೆಯ ಕಾಲದ ಹಾಗೆ ಬಾಯಲ್ಲೇ ಹೇಳಿಸಿಕೊಂಡು ನಡೆಸುತ್ತಿದ್ದೆವು. ಆದರೆ ನಿಜವಾದ ಅನ್ಯಾಯ ಬೇರೆ ಇತ್ತು. ನಮಗೆ ಮುಚ್ಚಿದ ಬಾಗಿಲು ಊರಿಗೆ ಮುಚ್ಚಿರಲಿಲ್ಲ! ಆರ್ಡರ್ ಕೊಡುವ ಲಿಂಕು ತೆರೆದೇ ಇತ್ತು. ಒತ್ತಿದವರಿಗೆಲ್ಲ ಅದು ನಗುನಗುತ್ತ, "ಧನ್ಯವಾದಗಳು, ನಿಮ್ಮ ಆರ್ಡರ್ ನಮಗೆ ತಲುಪಿದೆ" ಎಂದು ನಮ್ಮ ಪರವಾಗಿ ಹೇಳುತ್ತಿತ್ತು. ಯಾರಿಗೆ ತಲುಪಿತು? ನಮಗೆ ಒಳಗೆ ಹೋಗಲು ಬಿಡದ ಕೋಣೆಯೊಳಗೆ ನಮ್ಮ ಹೆಸರಿನಲ್ಲಿ ಬೇರೆ ಯಾರೋ ಕೂತು ವೀಳ್ಯ ತೆಗೆದುಕೊಳ್ಳುತ್ತಿದ್ದ ಹಾಗೆ. ನಿಲ್ಲಿಸೋಣವೆಂದರೆ ನಿಲ್ಲಿಸುವ ಗುಂಡಿಯೂ ಒಳಗೇ. ತಂಗಿ ತಿಳಿದವರಿಗೆಲ್ಲ ಫೋನು ಮಾಡಿ, ಲಿಂಕು ಒತ್ತಬೇಡಿ, ನನಗೇ ಹೇಳಿ ಎಂದಳು. ತಿಳಿಯದವರಿಗೆ ಹೇಗೆ ಹೇಳುವುದು? ಮದುವೆ, ಉಪನಯನ, ಬಯಕೆ ಊಟದ ಕಾಲ. ಗೋಕರ್ಣದ ಕಡೆಯ ಯಾರೋ, ಯಾರದೋ ಮದುವೆಯಲ್ಲಿ ನಮ್ಮ ಹಪ್ಪಳ ತಿಂದವರು, ಆ ಲಿಂಕನ್ನು ಇನ್ಯಾರಿಗೋ ಕಳಿಸಿರುತ್ತಾರೆ.

ಬಾವನಿಗೆ ಹಬ್ಬ. ಹೊಸ್ತಿಲ ಮೇಲೆ ಅವನ ಕಾಲು ಎರಡಾಯಿತು.

"ಹೆಂಗಸ್ರ ಕೈಲಿ ಆಫೀಸು ಕೊಟ್ರೆ ಹಿಂಗೇ ಸೈ. ನಾ ಮೊದ್ಲೇ ಹೇಳಿದ್ದೆ. ಹಪ್ಪಳ ಮಾಡೂಕೆ ಕೋಣೆ ಎಂತಕ್ಕೆ, ಹಿತ್ತಲಲ್ಲಿ ಮಾಡಿ."

ತಂಗಿ, "ಬಾವಾ, ಒಂದು ಕೋಡು ಬಂದ್ರೆ ಎಲ್ಲಾ ಸರಿ ಆಗ್ತದೆ," ಎಂದಳು.

"ನೀ ಕೋಡು ಕಾಯ್ತಾ ಕೂತ್ಕ. ಒಂದು ಮನೆಯವರು ಬಂದು ಅಂಗಳದಲ್ಲಿ ನಿಂತು ಬೈದ್ರೆ ಸಾಕು, ಮಾರನೆ ದಿನ ಕೋಣೆಗೆ ನನ್ ಬೀಗ. ಮನೆ ಮರ್ಯಾದೆ ಪ್ರಶ್ನೆ."

ಅವನು ಕಾಯುತ್ತಿದ್ದದ್ದು ಅದನ್ನೇ. ಆ ಕೋಣೆ ಹೋದರೆ ತಂಗಿಗೆ ಏನು ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ಅವಳದು ಎಂದು ಹೇಳಬಹುದಾದ ಜಾಗ ಅದೊಂದೇ. ಬೆಳಿಗ್ಗೆ ಅದರ ಬಾಗಿಲು ತೆಗೆಯುವಾಗ ಅವಳ ನಡಿಗೆಯೇ ಬೇರೆ. ಹಿತ್ತಲಿಗೆ ಹೋದರೆ ಅವಳು ಮತ್ತೆ ಕಿರಿಸೊಸೆ. ಯಾರಿಗೆ ಚಾ, ಯಾರಿಗೆ ಬಿಸಿನೀರು.

ಕಡೆಗೆ ನಾವಿಬ್ಬರೂ ಬೋಟಿನ ಧನಿಯ ಮನೆಗೆ ಹೋದೆವು. ಅವರ ಮನೆಯಲ್ಲಿ ವಾಯರ್ಲೆಸ್ ಇದೆ, ಸಮುದ್ರದ ಮೇಲಿನ ಬೋಟುಗಳ ಸಂಗಡ ಮಾತಾಡುವುದಕ್ಕೆ. ಧನಿಯ ಹೆಂಡತಿ ನಮ್ಮ ಗೋಳು ಕೇಳಿ, ಹಪ್ಪಳದ ಋಣಕ್ಕೋ ಏನೋ, ಯಂತ್ರದ ಮುಂದೆ ಕೂರಿಸಿದರು. ಆ ಕಡೆಯಿಂದ ಬೋಟಿನ ತಾಂಡೇಲ ಕೊಂಕಣಿಯಲ್ಲಿ ಕೂಗಿದ. ತಾಂಡೇಲ ಎಂದರೆ ಬೋಟು ನಡೆಸುವ ಹಿರಿಯ. ನಾನು ಕನ್ನಡದಲ್ಲಿ ಹೇಳಿದೆ, ತಂಗಿ ಕೊಂಕಣಿಯಲ್ಲಿ ಹೇಳಿದಳು, ಆದರೂ ಅವನಿಗೆ ತಲೆಬುಡ ತಿಳಿಯಲಿಲ್ಲ.

"ಹಪ್ಪಳ ನೋಡೂಕೆ ನಾವು ಬೋಟು ತಿರುಗ್ಸೂದಾ ಬಾಯೀ?"

"ಹಪ್ಪಳ ನೋಡೂಕಲ್ಲ ಮಾಮಾ, ನಂಬರು ನೋಡೂಕೆ. ನೀವು ಟವರು ಸಿಗೂ ಜಾಗಕ್ಕೆ ಬಂದ್ರೆ ಇವ್ರ ಫೋನಿಗೆ ಒಂದು ಮೆಸೇಜು ಬರ್ತದೆ. ಅದನ್ನ ಓದಿ ಹೇಳಿ, ಅಷ್ಟೇ."

ಅವನು ಗೊಣಗಿದ. ಆದರೂ ಸಮುದ್ರದ ನಡುವಿನ ನೇತ್ರಾಣಿ ಗುಡ್ಡದ ಒಳಮಗ್ಗುಲಿಗೆ ಹೇಗೂ ಬರುವುದಿತ್ತಂತೆ, ಸಂಜೆಯ ಮೊದಲು ಬಂದ. ತಂಗಿಯ ಗಂಡ ಫೋನು ಹಿಡಿದು ಕ್ಯಾಬಿನ್ನಿನ ಮೇಲೆ ಹತ್ತಿದ. ಮಾತಾಡುವಷ್ಟಲ್ಲದಿದ್ದರೂ ಮೆಸೇಜಿಗೆ ಸಾಕಾಗುವಷ್ಟು ಟವರು ಸಿಕ್ಕಿದ್ದೇ ತಡ, ಅಷ್ಟು ದಿನ ನಾವು ಕಳಿಸಿ ಕಳಿಸಿ ಸೋತ ಕೋಡುಗಳೆಲ್ಲ ಒಂದರ ಮೇಲೊಂದು ಬಂದು ಬಿದ್ದವು, ಬಲೆಗೆ ಬಂಗಡೆ ಬಿದ್ದ ಹಾಗೆ. ಅವನು ಪಾಪ ಮೊದಲು ಕಂಡದ್ದನ್ನು ಓದಿದ. ತಂಗಿ ಒತ್ತಿದಳು. ಅವಧಿ ಮುಗಿದಿದೆ. ಇನ್ನೊಂದು ಓದಿದ, ಮತ್ತೊಂದು ಓದಿದ. ಅವಧಿ ಮುಗಿದಿದೆ. ಅಷ್ಟರಲ್ಲಿ ಆಸುಪಾಸಿನ ಬೋಟಿನವರೆಲ್ಲ ಅದೇ ವಾಯರ್ಲೆಸ್ ಸಾಲಿನಲ್ಲಿ ಕೇಳುತ್ತಿದ್ದರು. ಒಬ್ಬ, "ಅರೇ, ಎಂತ ಮಟ್ಕಾ ನಂಬರಾ?" ಎಂದ. ಇನ್ನೊಬ್ಬ, "ನಂಗೂ ಎರಡು ಹಪ್ಪಳ ಬರೆದುಕಳಿ" ಎಂದ. ತಂಗಿಯ ಕಣ್ಣಲ್ಲಿ ನೀರು. ನನಗೆ ಆ ಯಂತ್ರವನ್ನು ಎತ್ತಿ ನೆಲಕ್ಕೆ ಬಡಿಯುವಷ್ಟು ರೋಷ.

"ಮೂರು ಸಲ ತಪ್ಪಾಗಿದೆ. ನಾಳೆ ಪ್ರಯತ್ನಿಸಿ," ಎಂದಿತು ಪರದೆ.

ನಾಳೆ! ಸಮುದ್ರದ ಮಧ್ಯೆ ಇರುವ ಬೋಟಿಗೆ ನಾಳೆ ಬಾ ಎನ್ನುವುದು. ಹತ್ತು ನಿಮಿಷದೊಳಗೆ ಸತ್ತುಹೋಗುವ ಕೋಡನ್ನು ಮಾಡಿದವನು ಒಂದು ದಿನವಾದರೂ ಬಂದರಿನಲ್ಲಿ ನಿಂತು ಯಾರನ್ನಾದರೂ ಕಾದಿದ್ದಾನೆಯೇ? ನಮ್ಮ ಕರಾವಳಿಯ ಹೆಂಗಸರಿಗೆ ಕಾಯುವುದು ಗೊತ್ತು. ನೀರು ಏರುವ ಭರತ ಕಾಯುತ್ತೇವೆ, ಇಳಿತ ಕಾಯುತ್ತೇವೆ. ಸಮುದ್ರ ಸಹ ದಿನಕ್ಕೆ ಎರಡು ಸಲ ದಡಕ್ಕೆ ಬರುತ್ತದೆ.

ಆಗ ಆ ತಾಂಡೇಲ, ಅಷ್ಟು ಹೊತ್ತು ಗೊಣಗಿದವನು, ಒಂದು ಮಾತು ಹೇಳಿದ. "ಬಾಯೀ, ಅಳಬೇಡ. ನಾಳೆ ಮಧ್ಯಾಹ್ನ ಇಲ್ಲೇ ಲಂಗರು ಹಾಕ್ತೆ. ನಾ ಹೇಳಿದ ಮೇಲೆ ಒತ್ತು, ಮೊದ್ಲು ಒತ್ತಬೇಡ." ಬೇರೆ ಬೋಟಿನವರಿಗೂ ಗದರಿಸಿದ, ನಾಳೆ ಆ ಹೊತ್ತಿಗೆ ಯಾರೂ ಬಾಯಿ ಬಿಡಬಾರದು ಎಂದು. ಮರುದಿನ ಅವನು ಹೇಳಿದ ಮೇಲೆ ತಂಗಿ ಒತ್ತಿದಳು. ವಾಯರ್ಲೆಸ್ಸಿನಲ್ಲಿ ಒಂದು ಗಂಟಲೂ ಕೆಮ್ಮಲಿಲ್ಲ. ತಂಗಿಯ ಗಂಡನ ದನಿ ಮಾತ್ರ, ಒಂದೊಂದೇ ಅಂಕಿ ನಿಧಾನ ಹೇಳಿತು. ಬಾಗಿಲು ತೆರೆಯಿತು. ನಮ್ಮ ಊರಿನ ಒರಟು ಜನ ಮಾಡಿದ ಸಹಾಯವನ್ನು ಆ ಸಹಾಯದ ಪುಟ ಮಾಡಲಿಲ್ಲ, ಇದನ್ನು ಬರೆದೇ ಇಡಬೇಕು.

ತಂಗಿ ಮೊದಲು ಮಾಡಿದ ಕೆಲಸ, ಖಾತೆಯಲ್ಲಿ ಗಂಡನ ನಂಬರು ತೆಗೆದು ತನ್ನ ನಂಬರು ಹಾಕಿದ್ದು. ಆಮೇಲೆ ಆರ್ಡರುಗಳ ಹಾಳೆ ತೆರೆದಳು. ಬಹಳಷ್ಟು ಇನ್ನೂ ಮುಂದಿನ ದಿನಗಳದ್ದು, ಸುಧಾರಿಸಬಹುದು. ಒಂದು ಮಾತ್ರ ದಿನ ದಾಟಿತ್ತು. ಬಾಡದ ಒಂದು ಮನೆ. ಬಯಕೆ ಊಟಕ್ಕೆ ಹಲಸಿನ ಹಪ್ಪಳ. ನಾವು ವಾಯರ್ಲೆಸ್ಸಿನ ಮುಂದೆ ಅಳುತ್ತ ಕೂತಿದ್ದ ದಿನವೇ ಆ ಊಟ.

"ಫೋನು ಮಾಡಿ ತಪ್ಪಾತು ಹೇಳ್ಬಿಡೇ," ಎಂದೆ.

"ಫೋನಲ್ಲಿ ಹೇಳೂ ಮಾತಲ್ಲ ಅಕ್ಕಾ ಇದು. ಬಸುರಿ ಹುಡುಗಿ ಊಟ. ಹೋಗ್ಬೇಕು."

ಮಾರನೆಯ ಬೆಳಿಗ್ಗೆ ಬಸ್ಸಿನಲ್ಲಿ ಕುಮಟೆಗೆ, ಅಲ್ಲಿಂದ ರಿಕ್ಷಾದಲ್ಲಿ ಬಾಡಕ್ಕೆ ಹೋದೆವು, ಡಬ್ಬಿ ತುಂಬ ಹಪ್ಪಳ ಹಿಡಿದುಕೊಂಡು. ಬಾಗಿಲಲ್ಲಿ ಹುಡುಗಿಯ ಅಜ್ಜಿ ಕೂತಿದ್ದರು. ನಾವು ಯಾರೆಂದು ತಿಳಿದ ಮೇಲೆ ಕೂತುಕೊಳ್ಳಿ ಎನ್ನಲಿಲ್ಲ.

"ತಲುಪಿತು ಅಂತ ನೀವೇ ಬರೆದ್ರಿ. ಅದಕ್ಕೇ ನಾವು ಮನೇಲಿ ಮಾಡ್ಲಿಲ್ಲ. ಎಲೆ ಮುಂದೆ ಕೂತ ಹುಡುಗಿ ಹಪ್ಪಳ ಎಲ್ಲಿ ಅಜ್ಜೀ ಅಂತ ಕೇಳ್ತು. ನಾ ಎಂತ ಹೇಳೂದು? ನಂಗೆ ಎಂಬತ್ತಾತು, ಹೊಟ್ಟೆಲಿದ್ದವ್ರಿಗೆ ಇಲ್ಲ ಅಂದದ್ದು ಅದೇ ಮೊದ್ಲು."

ಬರೆದದ್ದು ನಾವಲ್ಲ ಎಂದು ಹೇಳಲು ನಾನು ಬಾಯಿ ತೆರೆದೆ. ತಂಗಿ ನನ್ನ ಮೊಣಕೈ ಹಿಡಿದಳು. "ತಪ್ಪಾತು ಅಮ್ಮಾ," ಎಂದು ಬಗ್ಗಿ ಕಾಲು ಮುಟ್ಟಿದಳು. ಅಜ್ಜಿ ಡಬ್ಬಿಯ ಮುಚ್ಚಳ ತೆಗೆದು ಮೂಸಿ, "ಒಳಗೆ ಬನ್ನಿ, ಎಣ್ಣೆ ಇಡ್ತೆ," ಎಂದರು. ಆ ಹುಡುಗಿ ನಮ್ಮ ಮುಂದೆಯೇ ಕೂತು ಕುರುಕುರು ತಿಂದಳು. ಅಷ್ಟರ ಮಟ್ಟಿಗೆ ಅದು ತೀರಿತು. ನನ್ನ ಸಿಟ್ಟು ತೀರಲಿಲ್ಲ. ಹೇಳದ ಮಾತನ್ನು ನಮ್ಮ ಬಾಯಲ್ಲಿ ಹೇಳಿಸಿದವನು ಎಲ್ಲೋ ತಂಪು ಕೋಣೆಯಲ್ಲಿ ಕೂತಿದ್ದಾನೆ. ಕಾಲು ಮುಟ್ಟಿದವಳು ನನ್ನ ತಂಗಿ.

ಬಾಡದ ಸುದ್ದಿ ನಮಗಿಂತ ಮೊದಲೇ ಹೊನ್ನಾವರ ತಲುಪಿತ್ತು. ಆ ಮನೆಯ ಸಂಬಂಧಿಕರೊಬ್ಬರು ಮೀನುಪೇಟೆಯಲ್ಲಿ ಸಿಕ್ಕಿ ಬಾವನ ಕಿವಿಗೆ ಹಾಕಿದ್ದರು. ನಾವು ಇಳಿದು ಬಂದಾಗ ಕೋಣೆಯ ಬಾಗಿಲಿಗೆ ಹೊಸ ಬೀಗ. ಗ್ರೈಂಡರು, ಮಣೆ, ಚಾಪೆ ಎಲ್ಲ ಹಿತ್ತಲಿನ ಮಾಡಿನ ಕೆಳಗೆ. ಅರ್ಧ ಒಣಗಿದ ಹಪ್ಪಳವನ್ನು ಯಾರೋ ಒಂದರ ಮೇಲೊಂದು ರಾಶಿ ಹಾಕಿದ್ದರು. ಅವು ಅಂಟಿ ಮುದ್ದೆಯಾಗಿದ್ದವು.

ನಾನು ಆ ದಿನ ಆಡಿದ್ದು ಹೆದ್ದಾರಿಯ ಆಚೆ ಮಗ್ಗುಲಿಗೂ ಕೇಳಿಸಿರಬೇಕು. "ತಮ್ಮಾ, ನಿನ್ ಮನೆ ಮರ್ಯಾದೆ ಎಂತದು, ಈ ಹಪ್ಪಳದಷ್ಟೂ ಗಟ್ಟಿ ಇಲ್ಲನಾ? ಬಾಡದ ಅಜ್ಜಿ ಬೈದು ಒಳಗೆ ಕರೆದು ಎಣ್ಣೆ ಇಟ್ರು. ನೀ ಸ್ವಂತ ತಮ್ಮನ ಹೆಂಡ್ತಿನ ಹೊರಗೆ ಹಾಕ್ದೆ!"

"ಅಕ್ಕಾ, ನೀ ಶಿರಾಲಿಯವ್ಳು. ಈ ಮನೆ ವಿಷಯಕ್ಕೆ ಬರಬೇಡ."

"ನಾ ಬತ್ತೆ. ಬಂದೇ ಬತ್ತೆ."

ತಂಗಿ ಮುದ್ದೆಯಾದ ಹಪ್ಪಳವನ್ನು ಒಂದೊಂದಾಗಿ ಬಿಡಿಸುತ್ತ ಕೂತಳು, ಬಿಡಿಸಲು ಬಾರದು ಎಂದು ಗೊತ್ತಿದ್ದೂ.

ಆಗ ಅವಳ ಅತ್ತೆ ಜಗಲಿಯಿಂದ ಕೇಳಿದರು. ಈ ಮುದುಕಿ ಇಡೀ ಪ್ರಸಂಗದಲ್ಲಿ ಆಗೀಗ ಒಂದು ನಗೆಮಾತು ಬಿಟ್ಟರೆ ಯಾರ ಪಕ್ಷವನ್ನೂ ಹಿಡಿದವರಲ್ಲ.

"ತಂಗೀ, ನಂದು ಯಾವ ನಂಬರೇ?"

"ಎಂತದ್ದು ಅತ್ತೆ?"

"ನನ್ ಪೆನ್ಶನ್ನಿಗೆ, ಆಸ್ಪತ್ರೆ ಚೀಟಿಗೆ, ಈ ಜಾಗದ ಕಾಗದಕ್ಕೆ. ಅದಕ್ಕೆಲ್ಲ ಯಾರ ನಂಬರು ಕೊಟ್ಟದ್ದು?"

ತಂಗಿ ಬಾವನ ಕಡೆ ನೋಡಿದಳು. "ಬಾವಂದು."

"ಈ ಕೋಣೆ ಯಾರ ಹೆಸ್ರಲ್ಲಿ ಅದೆ?" ಈ ಪ್ರಶ್ನೆ ಮಗನಿಗೆ.

"ನಿನ್ ಹೆಸ್ರಲ್ಲೇ ಅಮ್ಮಾ. ಅಪ್ಪ ಬರೆಸಿದ್ದಲ್ಲ. ಈಗ್ಯಾಕೆ ಅದು?"

"ನನ್ ಹೆಸ್ರಲ್ಲಿದ್ದ ಕೋಣೆಗೆ ಬೀಗ ಹಾಕೂಕೆ ನನ್ನ ಕೇಳಿದ್ಯಾ?"

ಅವನು ನಕ್ಕ. ಆ ನಗುವನ್ನು ನಾನು ಇವತ್ತಿಗೂ ಮರೆತಿಲ್ಲ. "ಹೆಸರು ನಿಂದು ಅಮ್ಮಾ, ನಂಬರು ನಂದು. ಎಂತ ಆಗ್ಬೇಕಾದ್ರೂ ನನ್ ಫೋನಿಗೇ ಬರ್ಬೇಕು."

ತಮಾಷೆಗೇ ಹೇಳಿರಬಹುದು. ಆದರೆ ಅಷ್ಟು ದಿನ ನಾವು ಬೈದ ಕಂಪೆನಿಗೆ ಕನ್ನಡ ಸರಿಯಾಗಿ ಬಾರದೆ ಹೇಳಲಾಗದೆ ಹೋದ ಮಾತನ್ನು, ನಮ್ಮ ಮನೆಯವನೇ ಒಳ್ಳೆಯ ಕನ್ನಡದಲ್ಲಿ ಹೇಳಿದ. ಹಗ್ಗದ ಇನ್ನೊಂದು ತುದಿ ಎಲ್ಲಿತ್ತು ನೋಡಿ. ಎಲ್ಲೋ ದೂರದ ಸಾಹುಕಾರನ ಕೈಯಲ್ಲಿದೆ ಎಂದು ನಾನು ಉರಿದು ಬೀಳುತ್ತಿದ್ದೆ. ಅರ್ಧ ಹಗ್ಗ ನಮ್ಮ ಜಗಲಿಯಲ್ಲೇ ಸುತ್ತಿ ಇಟ್ಟಿತ್ತು. ಆ ಸಾಹುಕಾರ ಅದನ್ನು ತನ್ನ ಯಂತ್ರಕ್ಕೆ ಕಟ್ಟಿಕೊಂಡ, ಅಷ್ಟೇ.

ಅತ್ತೆ ಎದ್ದರು. ಗೋಡೆ ಹಿಡಿದು ಒಳಗೆ ಹೋದರು. ಬಾವನ ಅಂಗಿ ಗೂಟಕ್ಕೆ ನೇತುಹಾಕಿತ್ತು. ಅದರ ಕಿಸೆಗೆ ಕೈ ಹಾಕಿ ಬೀಗದ ಕೈ ತೆಗೆದರು. ಹೊರಗೆ ಬಂದು ಅದನ್ನು ತಂಗಿಯ ಮಡಿಲಿಗೆ, ಮುದ್ದೆ ಹಪ್ಪಳದ ಮೇಲೆ, ಹಾಕಿದರು.

"ತೆಗಿ ಹೋಗು. ಗ್ರೈಂಡರು ನಾ ಹಿಡ್ಕಂತೆ."

"ಅಮ್ಮಾ..." ಎಂದ ಮಗ.

"ನೀ ಇನ್ನೊಂದು ತುದಿ ಹಿಡಿ. ಭಾರ ಅದೆ ಅದು."

ಅವನು ಹಿಡಿದ. ಮುಖ ಕೆಂಪಗೆ ಮಾಡಿಕೊಂಡು, ಯಾರ ಕಡೆಯೂ ನೋಡದೆ, ಗ್ರೈಂಡರನ್ನು ಕೋಣೆಯವರೆಗೆ ಹೊತ್ತ. ಟೈಲ್ಸ್ ಅಂಗಡಿಯ ಮಾತು ಆಮೇಲೆ ನನ್ನ ಕಿವಿಗೆ ಬೀಳಲಿಲ್ಲ. ಅವನು ನನ್ನ ಸಂಗಡ ಮಾತು ಬಿಟ್ಟಿದ್ದಾನೆ. ಬಿಡಲಿ.

ಆ ಸಾಫ್ಟ್‌ವೇರನ್ನು ಬಿಟ್ಟಿರಾ ಎಂದು ನೀವು ಕೇಳಬಹುದು. ಇಲ್ಲ. ಅಷ್ಟು ಕೈಗೆ ಒದಗಿದ್ದನ್ನು ಬಿಡಲು ನಾವೇನು ಹುಚ್ಚರಲ್ಲ. ಈಗ ತಿಂಗಳಿಗೆ ಸ್ವಲ್ಪ ದುಡ್ಡು ಕೊಡುತ್ತೇವೆ. ನನಗೊಂದು, ತಂಗಿಗೊಂದು ಬೇರೆ ಬೇರೆ ಪ್ರವೇಶ. ಕರೆದರೆ ಮನುಷ್ಯರು ಸಿಗುತ್ತಾರೆ, ಒಮ್ಮೆ ಪರೀಕ್ಷೆಗೆಂದೇ ಕರೆದು ನೋಡಿದ್ದೇನೆ. "ತಲುಪಿದೆ" ಎಂದು ಅದು ತಾನಾಗಿ ಹೇಳುತ್ತಿದ್ದುದನ್ನು ತಂಗಿ ತೆಗೆದುಹಾಕಿಸಿದ್ದಾಳೆ. ಈಗ ಲಿಂಕು ಒತ್ತಿದವರಿಗೆ "ನಾವು ಫೋನು ಮಾಡಿ ಹೇಳುತ್ತೇವೆ" ಎಂದು ಮಾತ್ರ ಬರುತ್ತದೆ. ಮಾಡುತ್ತಾ ಇದ್ದೇವೆ. ಆದರೆ ಕುಮಟೆಯ ಆ ತರಬೇತಿ ಇನ್ನೂ ನಡೆಯುತ್ತಿದೆಯಂತೆ, ಇನ್ನೂ ಹೆಂಗಸರು ಸಾಲಾಗಿ ಕೂತು ಮನೆ ನಂಬರು ಒಪ್ಪಿಸುತ್ತಿದ್ದಾರಂತೆ. ಅವರಲ್ಲಿ ಒಬ್ಬಳಾದರೂ ಇದನ್ನು ಓದಲಿ.

ಮಳೆಗಾಲ ಹತ್ತಿರವಾಗಿ ಬೋಟುಗಳು ದಡಕ್ಕೆ ಬಂದವು. ತಂಗಿಯ ಗಂಡ ಮನೆಗೆ ಬಂದ ವಾರ, ಅತ್ತೆ ಒಂದು ಬೆಳಿಗ್ಗೆ ಒಳ್ಳೆಯ ಸೀರೆ ಉಟ್ಟು ತಂಗಿಯನ್ನು ಕರೆದುಕೊಂಡು ಹೊನ್ನಾವರ ಪೇಟೆಯ ಮೊಬೈಲ್ ಅಂಗಡಿಗೆ ಹೋದರು. ತಮ್ಮ ಹೆಸರಿಗೆ ಒಂದು ಸಿಮ್ ಬೇಕು ಎಂದರು. ಅಂಗಡಿಯವನು ಬೆರಳು ಒತ್ತಲು ಯಂತ್ರ ಮುಂದಿಟ್ಟ. ಹಿಟ್ಟು ನಾದಿ ನಾದಿ ಸವೆದ ಹೆಬ್ಬೆರಳನ್ನು ಅದು ಹಿಡಿಯಲಿಲ್ಲ. ತೋರುಬೆರಳನ್ನೂ ಹಿಡಿಯಲಿಲ್ಲ. ಅತ್ತೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಕಿರುಬೆರಳು ಇಟ್ಟರು. ಅದನ್ನು ಹಿಡಿಯಿತು.